ಬೋಟಿನ ಜನರೇಟರ್ 20 ನಿಮಿಷಕ್ಕೆ ಬಿಸಿಯಾಗಿ ನಿಲ್ಲುತ್ತಿದೆ, ಎಕ್ಸಾಸ್ಟ್‌ನಲ್ಲಿ ನೀರು ಬರುತ್ತಲೇ ಇದೆ

ಕಾಳಿಹೊಳೆ · ಭಾನುವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಗೋವಾದ ಮಾಂಡವಿ ನದಿಯಲ್ಲಿ ನಿಲ್ಲುವ ಒಂದು ಖಾಸಗಿ ಬೋಟಿನ ಇಂಜಿನ್ ಕೆಲಸ ನೋಡಿಕೊಳ್ಳುತ್ತೇನೆ. 42 ಅಡಿಯ ಫೈಬರ್ ಬೋಟು. ಎರಡು ಎಸಿ, ಫ್ರಿಜ್, ಅಡುಗೆ ಒಲೆ ಎಲ್ಲವೂ 9 ಕಿಲೋವ್ಯಾಟಿನ ಡೀಸೆಲ್ ಜನರೇಟರ್ ಮೇಲೆ ನಡೆಯುತ್ತವೆ. ಮೂರು ಸಿಲಿಂಡರ್, 1500 ಆರ್‌ಪಿಎಂ. ಒಳಗೆ ಕೂಲೆಂಟ್, ಹೊರಗಿನ ನೀರು ಹೀಟ್ ಎಕ್ಸ್‌ಚೇಂಜರ್ ಮೂಲಕ ಹೋಗಿ, ಕೂಲೆಂಟಿನ ಶಾಖ ಹೊತ್ತುಕೊಂಡು ಎಕ್ಸಾಸ್ಟ್‌ಗೆ ಸೇರುತ್ತದೆ.

ತೊಂದರೆ ಏನೆಂದರೆ, ಲೋಡ್ ಇಲ್ಲದೆ ಓಡಿಸಿದರೆ ಒಂದು ಗಂಟೆ ಆರಾಮಾಗಿ ಓಡುತ್ತದೆ. ಎರಡೂ ಎಸಿ ಹಾಕಿದರೆ 20-25 ನಿಮಿಷಕ್ಕೆ ಟೆಂಪರೇಚರ್ 98 ಡಿಗ್ರಿ ಮುಟ್ಟಿ ತಾನೇ ಆಫ್ ಆಗುತ್ತದೆ. ಎಕ್ಸಾಸ್ಟ್‌ನಿಂದ ನೀರು ಬರುತ್ತಿದೆ. ಅದಕ್ಕೇ ತಲೆ ಕೆಟ್ಟಿರುವುದು. ನೀರೇ ಇಲ್ಲದಿದ್ದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತಿತ್ತು.

ಈವರೆಗೆ ಮಾಡಿದ್ದು: ಸೀಸನ್ ಶುರುವಿನಲ್ಲಿ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ರೆಕ್ಕೆಗಳ ಚಕ್ರ) ಹೊಸದು ಹಾಕಿದೆವು. ಹಳೆಯದರಲ್ಲಿ ಎರಡೂವರೆ ರೆಕ್ಕೆ ಹೋಗಿತ್ತು. ಒಳಬರುವ ನೀರು ಸೋಸುವ ಸ್ಟ್ರೈನರ್ ಜಾಲರಿ ಎರಡು ಸಲ ತೊಳೆದೆ. ಕೂಲೆಂಟ್ ಬದಲಾಯಿಸಿದೆ. ಒಬ್ಬ ಮೆಕ್ಯಾನಿಕ್ ಬಂದು ಥರ್ಮೋಸ್ಟಾಟ್ ತೆಗೆದುಹಾಕಿದರು, "ನಮ್ಮ ಕಡೆ ಸೆಕೆಗೆ ಅದು ಬೇಡ" ಅಂದರು. ಅದಾದ ಮೇಲೆ 20 ನಿಮಿಷ ಇದ್ದದ್ದು 18ಕ್ಕೆ ಇಳಿಯಿತು. ಶುಕ್ರವಾರ ಗೆಸ್ಟ್ ಇದ್ದಾರೆ. ಮಾಲೀಕರು ಹೊಸ ಪಂಪ್ ತರಿಸೋಣ ಅನ್ನುತ್ತಿದ್ದಾರೆ. ಅದರ ಬೆಲೆ ಕೇಳಿದರೆ ನನಗೇ ಭಯವಾಗುತ್ತದೆ. ಕೊಳ್ಳುವ ಮೊದಲು ಏನು ನೋಡಬೇಕು?

ಮಲ್ಪೆ ಮೆಕ್ಯಾನಿಕ್ · ಭಾನುವಾರ ರಾತ್ರಿ 10:52

ಪಂಪ್ ತರಿಸಬೇಡಿ, ಸ್ವಲ್ಪ ನಿಲ್ಲಿ.

ಒಂದು ಪ್ರಶ್ನೆ ಮಾತ್ರ. ಹಳೆಯ ಇಂಪೆಲ್ಲರ್‌ನಲ್ಲಿ ಹೋದ ಆ ಎರಡೂವರೆ ರೆಕ್ಕೆ ಈಗ ಎಲ್ಲಿವೆ?

ಕಾಳಿಹೊಳೆ · ಭಾನುವಾರ ರಾತ್ರಿ 10:58

ಗೊತ್ತಿಲ್ಲ ಅಣ್ಣ. ಪಂಪಿನೊಳಗೆ ಇರಲಿಲ್ಲ. ನೀರಿನ ಜೊತೆ ಹೊರಗೆ ಹೋಗಿರಬೇಕು ಅಂದುಕೊಂಡೆವು.

ಮಲ್ಪೆ ಮೆಕ್ಯಾನಿಕ್ · ಭಾನುವಾರ ರಾತ್ರಿ 11:20

ಹೊರಗೆ ಹೋಗುವುದಿಲ್ಲ. ಎಕ್ಸ್‌ಚೇಂಜರ್ ಒಳಗಿನ ಒಂದೊಂದು ಪೈಪೂ ಪೆನ್ಸಿಲ್‌ಗಿಂತ ಸಣ್ಣದು. ರಬ್ಬರ್ ರೆಕ್ಕೆ ಅದರ ಬಾಯಿಗೆ ಹೋಗಿ ಅಡ್ಡ ಕೂರುತ್ತದೆ. ನಾನು ಕೆಲಸ ಕಲಿಯುವಾಗ ನನ್ನ ಗುರುಗಳು ಹಳೆಯ ಇಂಪೆಲ್ಲರ್ ಕೈಗೆ ಕೊಟ್ಟು, ತುಂಡೆಲ್ಲ ಕೂಡಿಸಿ ಪೂರ್ತಿ ಮಾಡಿ ತೋರಿಸು, ಆಮೇಲೆ ಹೊಸದು ಹಾಕು ಅನ್ನುತ್ತಿದ್ದರು. ಒಂದು ತುಂಡು ಕಡಿಮೆ ಬಿದ್ದರೂ ಊಟಕ್ಕೆ ಬಿಡುತ್ತಿರಲಿಲ್ಲ. ಆ ಪಾಠ ನನಗೆ ಇವತ್ತಿಗೂ ಅನ್ನ ಕೊಡುತ್ತಿದೆ.

ಆದರೂ ನೇರವಾಗಿ ಎಕ್ಸ್‌ಚೇಂಜರ್ ಬಿಚ್ಚಬೇಡಿ. ಮೊದಲು ಅಳತೆ ತೆಗೆಯಿರಿ. ನೀರು "ಬರುತ್ತಿದೆ" ಅನ್ನುವುದು ಸಾಲದು, ಎಷ್ಟು ಬರುತ್ತಿದೆ ಅನ್ನುವುದು ಬೇಕು. ನಿಮ್ಮ ಮ್ಯಾನುವಲ್‌ನಲ್ಲಿ ಸಮುದ್ರದ ನೀರಿಗೆ, ಅಂದರೆ ಹೊರಗಿನಿಂದ ಎಳೆಯುವ ನೀರಿಗೆ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರೆದಿರುತ್ತದೆ. ಡಿಂಗಿಯಲ್ಲಿ (ಸಣ್ಣ ದೋಣಿ) ಕೂತು ಎಕ್ಸಾಸ್ಟ್ ಬಾಯಿಗೆ ಬಕೆಟ್ ಹಿಡಿಯಿರಿ. 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ಗಾಳಿ ಬೀಸಿ ಬರುವ ಕಡೆ ಕೂರಿ, ಆ ಹೊಗೆ ಕುಡಿಯಬೇಡಿ.

ಆಮೇಲೆ ಎರಡನೇ ಅಳತೆ. ತಳದ ವಾಲ್ವ್ ಮುಚ್ಚಿ. ಪಂಪಿಗೆ ಬರುವ ಹೋಸ್ ಬಿಚ್ಚಿ. ಒಂದು ತುಂಡು ಗಟ್ಟಿ ಹೋಸ್ ಹಾಕಿ ಅದರ ತುದಿಯನ್ನು ನೀರು ತುಂಬಿದ ದೊಡ್ಡ ಬಕೆಟ್‌ನಲ್ಲಿ ಮುಳುಗಿಸಿ. ಜನರೇಟರ್ ಸ್ಟಾರ್ಟ್ ಮಾಡಿ 10 ಲೀಟರ್ ಎಳೆಯಲು ಎಷ್ಟು ಹೊತ್ತು ಬೇಕು ನೋಡಿ. ಒಬ್ಬರು ಸ್ವಿಚ್ ಹತ್ತಿರ ಇರಲಿ. ಬಕೆಟ್ ಖಾಲಿಯಾಗಿ ಪಂಪ್ ಒಣಗಿ ಓಡಿದರೆ ಒಂದೆರಡು ನಿಮಿಷದಲ್ಲೇ ಹೊಸ ಇಂಪೆಲ್ಲರ್ ಸುಟ್ಟು ಹೋಗುತ್ತದೆ.

ಎರಡೂ ನಂಬರ್ ಇಲ್ಲಿ ಹಾಕಿ. ತೊಂದರೆ ಪಂಪಿಗೆ ಮೊದಲಿದೆಯೋ, ನಂತರ ಇದೆಯೋ ಅದೇ ಹೇಳುತ್ತದೆ.

ಕುಂದಾಪ್ರ ಟು ದುಬೈ · ಸೋಮವಾರ ಬೆಳಿಗ್ಗೆ 7:05

ಮೆಕ್ಯಾನಿಕ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಯಾಟ್‌ಗಳ ಮೇಲೆ 11 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆಗಸ್ಟ್ ತಿಂಗಳಲ್ಲಿ ಇಲ್ಲಿ ಸಮುದ್ರದ ನೀರೇ 33-34 ಡಿಗ್ರಿ ಇರುತ್ತದೆ. ಚಳಿಗಾಲದಲ್ಲಿ ಗೊತ್ತೇ ಆಗದ ಸಣ್ಣ ಅಡಚಣೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ಥರ್ಮೋಸ್ಟಾಟ್ ವಿಷಯ ಹೇಳಲೇಬೇಕು. ದಯವಿಟ್ಟು ಅದನ್ನು ವಾಪಸ್ ಹಾಕಿ. ತೆಗೆದರೆ ತಂಪಾಗುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲೆಲ್ಲೂ ಇರುವ ತಪ್ಪು ತಿಳಿವಳಿಕೆ. ಬಹಳ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. ಬಿಸಿಯಾದಾಗ ಎಕ್ಸ್‌ಚೇಂಜರ್ ಕಡೆಗೆ ದಾರಿ ತೆರೆಯುತ್ತದೆ, ಅದೇ ಹೊತ್ತಿಗೆ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನೇ ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ಕೂಲೆಂಟ್ ಎಕ್ಸ್‌ಚೇಂಜರ್‌ಗೆ ಹೋಗದೆ ಅಡ್ಡದಾರಿಯಲ್ಲಿ ಇಂಜಿನ್‌ಗೇ ವಾಪಸ್ ಬರುತ್ತದೆ. ನಿಮಗೆ 20 ನಿಮಿಷ 18 ಆಗಿದ್ದು ಬಹುಶಃ ಅದಕ್ಕೇ.

ಥರ್ಮೋಸ್ಟಾಟ್ ಚೆನ್ನಾಗಿದೆಯಾ ಅಂತ ನೋಡುವುದು ಸುಲಭ. ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಡಿ, ಥರ್ಮಾಮೀಟರ್ ಜೊತೆಗಿರಲಿ. ಅದರ ಮೇಲೆ 82 ಅಂತ ಕೊರೆದಿದ್ದರೆ ಆ ಹತ್ತಿರದಲ್ಲಿ ತೆರೆಯಲು ಶುರು ಮಾಡಬೇಕು.

ಗಂಗೊಳ್ಳಿ ಅಳಿವೆ · ಸೋಮವಾರ ಬೆಳಿಗ್ಗೆ 8:40

ಎಕ್ಸ್‌ಚೇಂಜರ್‌ನಲ್ಲಿ ಉಪ್ಪು ಕಟ್ಟಿದ್ದರೆ ಟೈಲ್ಸ್ ತೊಳೆಯುವ ಆಸಿಡ್ ಹಾಕಿ ಅರ್ಧ ಗಂಟೆ ಬಿಡಿ. ನಮ್ಮ ಬೋಟಿಗೆ ಒಮ್ಮೆ ಹಾಗೇ ಮಾಡಿದ್ದೆವು, ಚೊಕ್ಕ ಆಯಿತು.

ಮಲ್ಪೆ ಮೆಕ್ಯಾನಿಕ್ · ಸೋಮವಾರ ಬೆಳಿಗ್ಗೆ 9:02

ತಮ್ಮಾ, ಆ ಆಸಿಡ್ ಬೇಡ. ಉಪ್ಪನ್ನೂ ತಿನ್ನುತ್ತದೆ, ಬೆಸುಗೆಯನ್ನೂ ತಿನ್ನುತ್ತದೆ. ಎಂಡ್ ಕವರ್ ಅಲ್ಯೂಮಿನಿಯಂ ಇದ್ದರೆ ನೊರೆ ಎದ್ದು ತೂತು ಬೀಳುತ್ತದೆ. ಮುಚ್ಚಿದ ಇಂಜಿನ್ ರೂಮಿನಲ್ಲಿ ಅದರ ಹೊಗೆ ಎದೆಗೆ ಹೊಡೆಯುತ್ತದೆ. ಒಮ್ಮೆ ಚೊಕ್ಕ ಆಗಿದ್ದು ಅದೃಷ್ಟ. ಎಕ್ಸ್‌ಚೇಂಜರ್ ಒಳಗೆ ತೂತು ಬಿದ್ದರೆ ಉಪ್ಪುನೀರು ಕೂಲೆಂಟ್‌ಗೆ ಸೇರುತ್ತದೆ, ಆಮೇಲೆ ಇಂಜಿನ್ನೇ ಹೋಗುತ್ತದೆ.

ನಿಂಬೆ ಉಪ್ಪು ಸಾಕು. ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂತ ಸಿಗುತ್ತದೆ. ಬಿಚ್ಚಿ ಹೊರಗೆ ತಂದ ಕೋರ್‌ಗೆ (ಎಕ್ಸ್‌ಚೇಂಜರ್ ಒಳಗಿನ ಪೈಪ್‌ಗಳ ಕಟ್ಟು) ಮಾತ್ರ, ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಮೂರನೇ ಇಂಜಿನಿಯರ್ · ಸೋಮವಾರ ಮಧ್ಯಾಹ್ನ 1:30

ನಾನು ಮಂಗಳೂರಿನವಳು, ಸರಕು ಹಡಗಿನಲ್ಲಿ ಇಂಜಿನಿಯರ್. ಈಗ ರಜೆಯಲ್ಲಿದ್ದೇನೆ. ನಮ್ಮಲ್ಲಿ ಜನರೇಟರ್ ದೊಡ್ಡದು, ಆದರೆ ತೊಂದರೆ ಇದೇ. ಆಳ ಕಡಿಮೆ ಇರುವ ಬಂದರಿಗೆ ಬಂದಾಗ ಹಡಗಿನ ತಳದ ಬಾಯಿ ಮುಚ್ಚಿ, ಪಕ್ಕದಲ್ಲಿ ಮೇಲಿರುವ ಬಾಯಿಯಿಂದ ನೀರು ತೆಗೆದುಕೊಳ್ಳುತ್ತೇವೆ. ಕೆಸರು ಒಳಗೆ ಬರಬಾರದು ಅಂತ. ನಿಮ್ಮದು ನದಿಯಲ್ಲಿ ನಿಲ್ಲುವ ಬೋಟು, ಬಾಯಿಯೂ ಒಂದೇ. ಮಳೆಗಾಲದ ಕೆಂಪು ನೀರಿನ ಕೆಸರೆಲ್ಲ ಅದೇ ದಾರಿಯಲ್ಲಿ ಹೋಗಿರುತ್ತದೆ.

ನಿಮ್ಮ ಹತ್ತಿರ ಟೆಂಪರೇಚರ್ ಗನ್ ಇದ್ದರೆ ಬಕೆಟ್ ಲೆಕ್ಕದ ಜೊತೆ ಇದನ್ನೂ ಮಾಡಿ. ಲೋಡ್ ಹಾಕಿ 15 ನಿಮಿಷ ಓಡಿಸಿ, ನಾಲ್ಕು ಜಾಗದಲ್ಲಿ ಅಳೆಯಿರಿ: ಎಕ್ಸ್‌ಚೇಂಜರ್‌ಗೆ ಸಮುದ್ರದ ನೀರು ಹೋಗುವ ಕಡೆ, ಅದು ಹೊರಗೆ ಬರುವ ಕಡೆ, ಕೂಲೆಂಟ್ ಒಳಗೆ ಹೋಗುವ ಪೈಪ್, ಮತ್ತು ಎಕ್ಸಾಸ್ಟ್ ಎಲ್ಬೋ (ನೀರು ಹೊಗೆಗೆ ಸೇರುವ ಬಾಗಿದ ಪೈಪ್) ಆದ ತಕ್ಷಣದ ರಬ್ಬರ್ ಹೋಸ್. ಒಂದು ಮಾತು, ಹೊಳೆಯುವ ಲೋಹದ ಮೇಲೆ ಆ ಗನ್ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಚೂರು ಅಂಟಿಸಿ, ಅದರ ಮೇಲೆ ಹಿಡಿಯಿರಿ.

ಲೆಕ್ಕ ಹೀಗೆ. ಡೀಸೆಲ್ ಉರಿದು ಬಂದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕರೆಂಟ್ ಆಗುತ್ತದೆ. ಸುಮಾರು ಅಷ್ಟೇ ಶಾಖ ಕೂಲಿಂಗ್ ನೀರಿಗೆ ಹೋಗುತ್ತದೆ. ಉಳಿದದ್ದು ಹೊಗೆಯಲ್ಲಿ. ಅಂದರೆ ನೀವು 7 ಕಿಲೋವ್ಯಾಟ್ ಕರೆಂಟ್ ತೆಗೆಯುತ್ತಿದ್ದರೆ ಸಮುದ್ರದ ನೀರು ಹತ್ತಿರ ಹತ್ತಿರ 7 ಕಿಲೋವ್ಯಾಟ್ ಶಾಖ ಹೊತ್ತುಕೊಂಡು ಹೋಗಬೇಕು. ನಿಮಿಷಕ್ಕೆ 20 ಲೀಟರ್ ಹರಿದರೆ ಆ ನೀರು 5 ಡಿಗ್ರಿಯಷ್ಟು ಬಿಸಿಯಾಗುತ್ತದೆ. 8 ಲೀಟರ್ ಮಾತ್ರ ಹರಿದರೆ 12-13 ಡಿಗ್ರಿ. ಹಾಗಾಗಿ ಬಕೆಟ್ ಹಿಡಿಯಲು ಆಗದ ಜಾಗದಲ್ಲೂ ಎರಡು ಟೆಂಪರೇಚರ್ ನೋಡಿ ಹರಿವು ಅಂದಾಜು ಮಾಡಬಹುದು.

ಕಾಳಿಹೊಳೆ · ಸೋಮವಾರ ರಾತ್ರಿ 9:48

ಎಲ್ಲರಿಗೂ ಧನ್ಯವಾದ. ಇವತ್ತು ಇಡೀ ದಿನ ಇದೇ ಮಾಡಿದೆ. ಮ್ಯಾನುವಲ್‌ನಲ್ಲಿ ನಿಮಿಷಕ್ಕೆ 20 ಲೀಟರ್ ಅಂತ ಇದೆ.

ಎಕ್ಸಾಸ್ಟ್ ಬಾಯಿಯಲ್ಲಿ 10 ಲೀಟರ್ ತುಂಬಲು 75 ಸೆಕೆಂಡ್. ಅಂದರೆ ನಿಮಿಷಕ್ಕೆ 8 ಲೀಟರ್. ನೋಡಿ ಎದೆ ಧಸಕ್ ಅಂತು. ಇಷ್ಟು ದಿನ ದಡದಲ್ಲಿ ನಿಂತು, ಫಟ್ ಫಟ್ ಅಂತ ಬೀಳುವ ನೀರು ನೋಡಿ, ಬರುತ್ತಿದೆಯಲ್ಲ ಅಂದುಕೊಂಡಿದ್ದೆ.

ಬಕೆಟ್‌ನಿಂದ ನೇರವಾಗಿ ಪಂಪಿಗೆ ಕೊಟ್ಟಾಗ 10 ಲೀಟರ್ 42 ಸೆಕೆಂಡಿಗೆ ಹೋಯಿತು. ಸುಮಾರು 14 ಲೀಟರ್.

ಟೆಂಪರೇಚರ್: ಸಮುದ್ರದ ನೀರು ಒಳಗೆ 29, ಹೊರಗೆ 43. ಕೂಲೆಂಟ್ ಪೈಪ್ 94. ಎಕ್ಸಾಸ್ಟ್ ಹೋಸ್ 78. ಅಳೆದ ಕೂಡಲೇ ಆಫ್ ಮಾಡಿದೆ, 98 ಮುಟ್ಟಲು ಬಿಡಲಿಲ್ಲ.

ಮಲ್ಪೆ ಮೆಕ್ಯಾನಿಕ್ · ಸೋಮವಾರ ರಾತ್ರಿ 10:10

ಭೇಷ್. ಈಗ ನೋಡಿ, ಎರಡೂ ಕಡೆ ತೊಂದರೆ ಇದೆ. ಬಕೆಟ್‌ನಿಂದ 14, ಬೋಟಿನ ತಳದಿಂದ 8. ಹಾಗಾದರೆ ಪಂಪಿಗೆ ಮೊದಲೇ ಅಡಚಣೆ ಇದೆ. ಬಕೆಟ್‌ನಿಂದಲೂ 20 ಬರುತ್ತಿಲ್ಲ. ಹಾಗಾದರೆ ಪಂಪಿನಲ್ಲೋ, ನಂತರವೋ ಇನ್ನೊಂದು ಇದೆ. ಒಂದೇ ಕಾರಣ ಹುಡುಕುತ್ತಾ ಹೋದವರಿಗೆ ಇದು ಸಿಗುವುದಿಲ್ಲ. ಒಂದು ಸರಿ ಮಾಡಿ, ಇನ್ನೂ ಬಿಸಿಯಾಯಿತು ಅಂತ ಅದನ್ನು ಬಿಟ್ಟು ಬೇರೆ ಕಡೆ ಹೋಗುತ್ತಾರೆ.

ನಾಳೆ ಪಂಪಿಗೆ ಮೊದಲಿನ ದಾರಿ ನೋಡಿ. ತಳದ ವಾಲ್ವ್ ಮುಚ್ಚಿ, ಹೋಸ್ ಬಿಚ್ಚಿ. ಮರದ ಬಿರಡೆ ಒಂದು ಕೈಯಲ್ಲೇ ಇರಲಿ. ಬಿರಡೆ ಇಲ್ಲದೆ ಆ ಹೋಸ್ ಬಿಚ್ಚಲೇಬೇಡಿ. ಆಮೇಲೆ ವಾಲ್ವ್ ತೆರೆಯಿರಿ. ನೀರು ಭುಸ್ಸೆಂದು ಚಿಮ್ಮಬೇಕು. ಸೊರ ಸೊರ ಅಂತ ಬಂದರೆ ಒಳಗೆ ಚಿಪ್ಪು ಬೆಳೆದಿದೆ, ಇಲ್ಲ ಹೊರಗಿನ ಜಾಲರಿಗೆ ಪ್ಲಾಸ್ಟಿಕ್ ಕವರ್ ಅಂಟಿದೆ.

ಸ್ಟ್ರೈನರ್ ಮುಚ್ಚಳದ ಓ ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಕೂಡ ನೋಡಿ. ಇದು ಎಳೆಯುವ ಕಡೆ. ಇಲ್ಲಿ ಸೀಳು ಇದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಕೆಳಗೆ ಒಂದು ಹನಿ ಬಿದ್ದಿರುವುದಿಲ್ಲ, ಅದಕ್ಕೆ ಯಾರಿಗೂ ಅನುಮಾನ ಬರುವುದಿಲ್ಲ.

ಕುಂದಾಪ್ರ ಟು ದುಬೈ · ಸೋಮವಾರ ರಾತ್ರಿ 10:31

ಗಾಳಿ ಎಳೆಯುತ್ತಿದೆಯಾ ಅಂತ ಕಣ್ಣಲ್ಲೇ ನೋಡಬೇಕಾದರೆ ಪಂಪಿಗೆ ಮೊದಲು ಅರ್ಧ ಅಡಿ ಪಾರದರ್ಶಕ ಗಟ್ಟಿ ಹೋಸ್ ಹಾಕಿ ಓಡಿಸಿ. ಸೋಡಾ ಬಾಟಲಿ ತರಹ ಗುಳ್ಳೆ ಹೋದರೆ ಗಾಳಿ ಇದೆ.

ಇನ್ನೊಂದು, ಹಳೆಯ ಹೋಸ್ ಆಗಿದ್ದರೆ ಓಡುವಾಗ ಮುಟ್ಟಿ ನೋಡಿ. ಒಳಗಿನ ಪದರ ಬಿಟ್ಟುಕೊಂಡು, ಪಂಪ್ ಎಳೆದಾಗ ಚಪ್ಪಟೆ ಆಗುತ್ತದೆ. ನಿಲ್ಲಿಸಿದ ಕೂಡಲೇ ಮತ್ತೆ ಗುಂಡಗೆ. ಬಿಚ್ಚಿ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತದೆ. ಎಳೆಯುವ ಕಡೆ ಒಳಗೆ ತಂತಿ ಇರುವ ಹೋಸ್ ಮಾತ್ರ ಹಾಕಬೇಕು.

ಮೂರನೇ ಇಂಜಿನಿಯರ್ · ಸೋಮವಾರ ರಾತ್ರಿ 11:05

ನಿಮ್ಮ ಟೆಂಪರೇಚರ್ ನಂಬರ್‌ಗಳು ತುಂಬಾ ಹೇಳುತ್ತವೆ. 29ರಿಂದ 43, ಅಂದರೆ 14 ಡಿಗ್ರಿ. ಲೆಕ್ಕಕ್ಕೆ 8 ಲೀಟರ್ ಹರಿವಿನ ಹತ್ತಿರವೇ ಬರುತ್ತದೆ. ಬಕೆಟ್ ಸುಳ್ಳು ಹೇಳಿಲ್ಲ.

ಆದರೆ ಇನ್ನೊಂದು ಗಮನಿಸಿ. ಕೂಲೆಂಟ್ 94 ಇದ್ದರೂ ಹೊರಗೆ ಹೋಗುವ ಸಮುದ್ರದ ನೀರು 43 ಮಾತ್ರ. ಎಕ್ಸ್‌ಚೇಂಜರ್ ಪೈಪ್‌ಗಳು ಶುಚಿಯಾಗಿದ್ದು ಬರೀ ನೀರು ಕಡಿಮೆ ಆಗಿದ್ದರೆ, ಇಂಜಿನ್ ಇಷ್ಟು ಬಿಸಿಯಾಗದೇ ಅಷ್ಟೇ ಶಾಖ ನೀರಿಗೆ ಇಳಿಯಬೇಕಿತ್ತು. ಎರಡರ ನಡುವೆ 50 ಡಿಗ್ರಿ ಅಂತರ ಇದೆ ಅಂದರೆ ಶಾಖ ದಾಟುತ್ತಿಲ್ಲ. ಅರ್ಧ ಪೈಪ್ ಮುಚ್ಚಿರಬಹುದು, ಇಲ್ಲ ಗೋಡೆಗೆ ಪದರ ಕಟ್ಟಿರಬಹುದು. ಮೆಕ್ಯಾನಿಕ್ ಅಣ್ಣ ಕೇಳಿದ ಆ ಎರಡೂವರೆ ರೆಕ್ಕೆ ನನಗೂ ನೆನಪಾಗುತ್ತಿದೆ.

ಒಂದು ಎಚ್ಚರಿಕೆ. ಎಕ್ಸಾಸ್ಟ್ ಹೋಸ್ 78 ಡಿಗ್ರಿ ಅಂದರೆ ನಿರ್ಲಕ್ಷ್ಯ ಮಾಡುವಂಥದ್ದಲ್ಲ. ಆ ಹೋಸ್ ನೀರಿನಿಂದ ತಂಪಾಗಿ ಉಳಿಯುತ್ತದೆ ಅಂತಲೇ ರಬ್ಬರ್‌ನಲ್ಲಿ ಮಾಡಿರುತ್ತಾರೆ. ನೀರು ಪೂರ್ತಿ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಸೀಳುತ್ತದೆ. ಆಗ ಹೊಗೆ ಬೋಟಿನೊಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಎಸಿ ಹಾಕಿ, ಕಿಟಕಿ ಮುಚ್ಚಿ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಕ್ಯಾಬಿನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಶುಕ್ರವಾರಕ್ಕೆ ಮೊದಲು ಅದನ್ನೇ ಹಾಕಿಸಿ. ಮಾಲೀಕರಿಗೆ ನನ್ನ ಹೆಸರಲ್ಲೇ ಹೇಳಿ ಬೇಕಾದರೆ.

ಕಾಳಿಹೊಳೆ · ಮಂಗಳವಾರ ಮಧ್ಯಾಹ್ನ 2:20

ಅಲಾರಂ ಇರಲಿಲ್ಲ ಮೇಡಂ. ಮಾಲೀಕರಿಗೆ ನಿಮ್ಮ ಪೋಸ್ಟ್ ಓದಿಯೇ ಹೇಳಿದೆ. ಎರಡು ತರಿಸುತ್ತಿದ್ದಾರೆ.

ಪಂಪಿಗೆ ಮೊದಲಿನ ದಾರಿ ನೋಡಿದೆ. ಹೋಸ್ ಬಿಚ್ಚಿ ವಾಲ್ವ್ ತೆರೆದಾಗ ನೀರು ಕಿರುಬೆರಳಿನಷ್ಟು ದಪ್ಪ ಬಂತು, ಅದೂ ಪಕ್ಕಕ್ಕೆ ತಿರುಗಿ. ಟಾರ್ಚ್ ಹಾಕಿ ನೋಡಿದರೆ ವಾಲ್ವ್ ಬಾಯಿಯ ಸುತ್ತ ಬಿಳಿ ಚಿಪ್ಪು, ಹಲ್ಲಿನ ಸಾಲಿನ ಹಾಗೆ. ಮಳೆಗಾಲದಲ್ಲಿ ಬೋಟು ನಾಲ್ಕು ತಿಂಗಳು ಅಲ್ಲಾಡದೆ ನಿಂತಿತ್ತು. ಉದ್ದ ಸ್ಕ್ರೂಡ್ರೈವರ್ ಹಾಕಿ ಒಳಗಿನಿಂದ ಕೆರೆದೆ. ಹೊರಗಿನಿಂದ ನಮ್ಮ ಹುಡುಗ ಮುಳುಗಿ ಜಾಲರಿ ಕೆರೆದ. ಈಗ ಧಾರೆ ಮುಖಕ್ಕೇ ಹೊಡೆಯಿತು. ಬಿರಡೆ ಒತ್ತುವ ಹೊತ್ತಿಗೆ ಅರ್ಧ ಬಕೆಟ್ ನೀರು ಒಳಗೆ ಬಂದಿತ್ತು.

ಸ್ಟ್ರೈನರ್ ಓ ರಿಂಗ್ ಪೂರ್ತಿ ಚಪ್ಪಟೆ, ಉಗುರಿನಿಂದ ಒತ್ತಿದರೆ ಗಟ್ಟಿ. ಹೊಸದು ಹಾಕಿದೆ.

ಎಕ್ಸಾಸ್ಟ್ ಬಾಯಲ್ಲಿ ಮತ್ತೆ ಅಳೆದೆ. 10 ಲೀಟರ್‌ಗೆ 43 ಸೆಕೆಂಡ್. ಬಕೆಟ್‌ನಿಂದ ಎಳೆದಾಗಿನ ನಂಬರ್ ಹತ್ತಿರವೇ ಬಂತು. ಅಂದರೆ ಪಂಪಿಗೆ ಮೊದಲಿನದು ಮುಗಿಯಿತು ಅಲ್ವಾ?

ಮಲ್ಪೆ ಮೆಕ್ಯಾನಿಕ್ · ಮಂಗಳವಾರ ಮಧ್ಯಾಹ್ನ 2:45

ಮುಗಿಯಿತು. ಈಗ ಪಂಪ್ ಕವರ್ ತೆಗೆಯಿರಿ. ಕವರ್ ಒಳಮೈ ಮೇಲೆ ಉಗುರು ಓಡಿಸಿ. ಗೀರು ಉಗುರಿಗೆ ಸಿಕ್ಕಿದರೆ ರೆಕ್ಕೆಯ ಪಕ್ಕದಿಂದ ನೀರು ಹಿಂದಕ್ಕೆ ಜಾರುತ್ತಿದೆ. ಕೆಸರು ನೀರಿನ ಬೋಟುಗಳಲ್ಲಿ ಇದು ಜಾಸ್ತಿ. ಎರಡೂ ಮೈ ಸಪಾಟಾಗಿದ್ದರೆ ಕವರ್ ತಿರುಗಿಸಿ ಹಾಕಿದರೂ ಒಂದು ಸೀಸನ್ ಬರುತ್ತದೆ.

ಪಂಪಿನ ಹೊಟ್ಟೆಯ ಕೆಳಗೆ, ಇಂಜಿನ್‌ಗೆ ಸೇರುವ ಕಡೆ, ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಶಾಫ್ಟ್ ಸೀಲ್ ಹೋಗಿದೆ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಿದವರನ್ನು ನೋಡಿದ್ದೇನೆ. ಆಮೇಲೆ ಆ ನೀರು ಆಯಿಲ್ ಕಡೆಗೆ ದಾರಿ ಹುಡುಕುತ್ತದೆ. ಡಿಪ್‌ಸ್ಟಿಕ್ ಎಳೆದರೆ ಹಾಲು ಹಾಕಿದ ಕಾಫಿ ಬಣ್ಣ.

ಇಂಪೆಲ್ಲರ್ ವಾಪಸ್ ಹಾಕುವಾಗ ಗ್ರೀಸ್ ಹಚ್ಚಬೇಡಿ, ಸಾಮಾನ್ಯ ಗ್ರೀಸ್‌ಗೆ ಆ ರಬ್ಬರ್ ಉಬ್ಬುತ್ತದೆ. ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಸೋಪು ಸಾಕು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ 61 ದಿನ ನಿಲ್ಲುತ್ತವೆ. ನಿಲ್ಲಿಸುವ ದಿನವೇ ಇಂಪೆಲ್ಲರ್ ಹೊರಗೆ ತೆಗೆದು ಕೀ ಜೊತೆ ಕಟ್ಟಿಡುತ್ತೇನೆ. ಒಳಗೇ ಬಿಟ್ಟರೆ ರೆಕ್ಕೆ ಬಾಗಿದ ಹಾಗೇ ಗಟ್ಟಿಯಾಗಿ, ಆಗಸ್ಟ್‌ನಲ್ಲಿ ಮೊದಲ ಸ್ಟಾರ್ಟ್‌ಗೇ ಮುರಿಯುತ್ತದೆ. ಕೀ ಜೊತೆ ಏಕೆ ಅಂದರೆ, ಇಂಪೆಲ್ಲರ್ ನೋಡದೆ ಯಾರೂ ಸ್ಟಾರ್ಟ್ ಮಾಡಬಾರದು.

ಹೊಸ ಬೋಟ್ ಹೊನ್ನಾವರ · ಮಂಗಳವಾರ ಸಂಜೆ 5:10

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಜನರೇಟರ್ ಲಂಗರು ಹಾಕಿದಾಗ ಎಷ್ಟು ಹೊತ್ತಾದರೂ ಓಡುತ್ತದೆ. ಬೋಟು ಜೋರಾಗಿ ಓಡುವಾಗ ಮಾತ್ರ ಬಿಸಿಯಾಗುತ್ತದೆ. ಇದಕ್ಕೂ ಎಕ್ಸ್‌ಚೇಂಜರ್ ಬಿಚ್ಚಬೇಕಾ?

ಕುಂದಾಪ್ರ ಟು ದುಬೈ · ಮಂಗಳವಾರ ಸಂಜೆ 6:00

ಬೇಡ. ತಳದ ಬಾಯಿಗೆ ಹಾಕಿರುವ ಜಾಲರಿ ಬುಟ್ಟಿಯ ಮುಖ ಯಾವ ಕಡೆ ಇದೆ ನೋಡಿ. ಹಿಂದಕ್ಕೆ ಮುಖ ಮಾಡಿದ್ದರೆ ಬೋಟು ಓಡುವಾಗ ಅದು ನೀರನ್ನು ಹೊರಕ್ಕೆ ಎಳೆಯುತ್ತದೆ, ಪಂಪಿಗೆ ಸಿಗುವುದಿಲ್ಲ. ಹಾಗಂತ ಮುಂದಕ್ಕೆ ತಿರುಗಿಸಲೂ ಬೇಡಿ. ಜನರೇಟರ್ ಆಫ್ ಇದ್ದು ಬೋಟು ಜೋರಾಗಿ ಓಡಿದರೆ ನೀರು ಒತ್ತಡದಿಂದ ಪಂಪ್ ದಾಟಿ ಮಫ್ಲರ್ (ಸೈಲೆನ್ಸರ್) ತುಂಬಿಕೊಂಡು ಸಿಲಿಂಡರ್‌ಗೆ ಬರುತ್ತದೆ. ಜನರೇಟರ್‌ಗೆ ಸಪಾಟಾದ ಜಾಲರಿಯೇ ಒಳ್ಳೆಯದು. ಬಾಯಿ ಇರುವ ಜಾಗಕ್ಕೆ ಓಡುವಾಗ ನೊರೆ ಬರುತ್ತಿದೆಯಾ ಅದನ್ನೂ ನೋಡಿ.

ಸಿಲಿಂಡರ್‌ಗೆ ನೀರು ಅಂದ ತಕ್ಷಣ ಇನ್ನೊಂದು ಹೇಳುತ್ತೇನೆ, ಇದು ನನ್ನ ಕೈಯಲ್ಲೇ ಆಗಿದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಡೀಸೆಲ್‌ನಲ್ಲಿ ಗಾಳಿ ಹಿಡಿದು ಜನರೇಟರ್ ಸ್ಟಾರ್ಟ್ ಆಗುತ್ತಿರಲಿಲ್ಲ. ನಾನು ಬಟನ್ ಒತ್ತುತ್ತಲೇ ಹೋದೆ. ಇಂಜಿನ್ ಉರಿಯದಿದ್ದರೂ ಪಂಪ್ ಮಾತ್ರ ಪ್ರತಿ ಸಲ ನೀರು ತಳ್ಳುತ್ತಿತ್ತು. ಆ ನೀರನ್ನು ಹೊರಗೆ ಊದಲು ಹೊಗೆ ಇಲ್ಲ. ಮಫ್ಲರ್ ತುಂಬಿ ನೀರು ಹಿಂದಕ್ಕೆ ಏರಿತು. ಕೊನೆಗೆ ಒಂದು ಸಲ ಟಕ್ ಅಂತ ಶಬ್ದ ಬಂದು ಇಂಜಿನ್ ಗಟ್ಟಿಯಾಗಿ ನಿಂತಿತು. ಒಂದು ಕನೆಕ್ಟಿಂಗ್ ರಾಡ್ ಬಾಗಿತ್ತು. ಆ ಟಕ್ ಶಬ್ದ ಈಗಲೂ ಕಿವಿಯಲ್ಲಿದೆ.

ಮೂರು ಸಲ ಒತ್ತಿದರೂ ಸ್ಟಾರ್ಟ್ ಆಗದಿದ್ದರೆ ತಳದ ವಾಲ್ವ್ ಮುಚ್ಚಿ. ಸ್ಟಾರ್ಟ್ ಆದ ಮರುಕ್ಷಣ ತೆರೆಯಿರಿ. ಕಾಳಿಹೊಳೆ, ನಿಮಗೂ ಇದು ಬೇಕು. ಈಗ ಬಿಚ್ಚಿ ಕಟ್ಟುವಾಗ ಹತ್ತು ಸಲ ಸ್ಟಾರ್ಟ್ ಮಾಡುತ್ತೀರಿ.

ಹೊಸ ಬೋಟ್ ಹೊನ್ನಾವರ · ಮಂಗಳವಾರ ಸಂಜೆ 6:35

ಬುಟ್ಟಿ ಹಿಂದಕ್ಕೇ ಮುಖ ಮಾಡಿದೆ. ಮುಂದಿನ ಸಲ ಮೇಲೆ ಎಳೆದಾಗ ಬದಲಾಯಿಸುತ್ತೇನೆ. ಅಲ್ಲಿಯವರೆಗೆ ಓಡುವಾಗ ಜನರೇಟರ್ ಹಾಕುವುದಿಲ್ಲ. ಉಪಕಾರವಾಯಿತು.

ಕಾಳಿಹೊಳೆ · ಬುಧವಾರ ರಾತ್ರಿ 8:30

ಸಿಕ್ಕಿತು! ಎಲ್ಲಾ ಸಿಕ್ಕಿತು.

ಪಂಪ್ ಕವರ್‌ನಲ್ಲಿ ಗೀರು ಇತ್ತು, ತಿರುಗಿಸಿ ಹಾಕಿದೆ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ ಎಕ್ಸ್‌ಚೇಂಜರ್‌ನ ಎಂಡ್ ಕವರ್ ಬಿಚ್ಚಿದೆ. ನೀರು ಒಳಗೆ ಬರುವ ಕಡೆ ಎರಡು ಕಪ್ಪು ರೆಕ್ಕೆ ಒಂದರ ಮೇಲೊಂದು ಮಲಗಿದ್ದವು, ಪೈಪ್ ಬಾಯಿಗಳ ಮೇಲೆ ಎಲೆ ಮುಚ್ಚಿದ ಹಾಗೆ. ಅವುಗಳ ಹಿಂದೆ ಬೂದು ಬಣ್ಣದ ಪುಡಿ ಮತ್ತು ಕಡಲೆಕಾಳಿನಷ್ಟು ದೊಡ್ಡ ತುಂಡುಗಳು. ಉಪ್ಪುನೀರು ಬೇರೆ ಲೋಹ ತಿನ್ನದಿರಲಿ ಅಂತ ಹಾಕುವ ಜಿಂಕ್ ಕಡ್ಡಿ ಕರಗಿ ಮುರಿದು ಬಿದ್ದದ್ದು. ಒಟ್ಟು 37 ಪೈಪ್ ಎಣಿಸಿದೆ, 14ರಲ್ಲಿ ಬೆಳಕು ಕಾಣಲಿಲ್ಲ. ಉಳಿದ ಅರ್ಧ ರೆಕ್ಕೆ ಅಲ್ಲಿ ಇರಲಿಲ್ಲ. ಮೆಕ್ಯಾನಿಕ್ ಅಣ್ಣನ ಗುರುಗಳ ಮಾತು ನೆನಪಾಗಿ ಊಟಕ್ಕೆ ಹೋಗದೆ ಹುಡುಕಿದೆ. ಪಂಪ್‌ನಿಂದ ಎಕ್ಸ್‌ಚೇಂಜರ್‌ಗೆ ಹೋಗುವ ಹೋಸ್‌ನ ಬೆಂಡಿನಲ್ಲಿ ಸಿಕ್ಕಿಕೊಂಡಿತ್ತು. ಮೂರನ್ನೂ ಹಳೆಯ ಇಂಪೆಲ್ಲರ್ ಪಕ್ಕ ಇಟ್ಟು ಜೋಡಿಸಿದೆ. ಪೂರ್ತಿಯಾಯಿತು.

ಕೋರ್ ಹೊರಗೆ ತೆಗೆದು ನಿಂಬೆ ಉಪ್ಪಿನ ನೀರಿನಲ್ಲಿ ಇಟ್ಟೆ. ಪೈಪ್‌ಗಳಿಗೆ ಮರದ ಕಡ್ಡಿ ಹಾಕಿ ದೂಡಿದೆ, ಕಬ್ಬಿಣದ್ದು ಹಾಕಲಿಲ್ಲ. ಹೊಸ ಓ ರಿಂಗ್, ಹೊಸ ಜಿಂಕ್ ಹಾಕಿ ಕಟ್ಟಿದೆ. ಥರ್ಮೋಸ್ಟಾಟ್ ಪಾತ್ರೆಯಲ್ಲಿ ಪರೀಕ್ಷೆ ಮಾಡಿ ವಾಪಸ್ ಹಾಕಿದೆ.

ಅಳತೆ: 10 ಲೀಟರ್‌ಗೆ 34 ಸೆಕೆಂಡ್. ಅಂದರೆ 17-18 ಲೀಟರ್. ಲೋಡ್ ಹಾಕಿ ಒಂದು ಗಂಟೆ ಓಡಿಸಿದೆ, 86ರಲ್ಲಿ ನಿಂತಿತು. ಆಫ್ ಆಗಲಿಲ್ಲ. ಇಷ್ಟಕ್ಕೇ ಬಿಡಬಹುದಾ?

ಮಲ್ಪೆ ಮೆಕ್ಯಾನಿಕ್ · ಬುಧವಾರ ರಾತ್ರಿ 8:55

ಮೂರು ತುಂಡೂ ಸಿಕ್ಕಿದ್ದು ಓದಿ ತುಂಬಾ ಖುಷಿಯಾಯಿತು ತಮ್ಮಾ.

ಬಿಡಬೇಡಿ. 20 ಬರಬೇಕಾದಲ್ಲಿ 17 ಬರುತ್ತಿದೆ. ಎಕ್ಸಾಸ್ಟ್ ಹೋಸ್ ಎಷ್ಟಿದೆ ಈಗ?

ಕಾಳಿಹೊಳೆ · ಬುಧವಾರ ರಾತ್ರಿ 9:01

66.

ಮಲ್ಪೆ ಮೆಕ್ಯಾನಿಕ್ · ಬುಧವಾರ ರಾತ್ರಿ 9:14

ಹಾಗಾದರೆ ಮಿಕ್ಸಿಂಗ್ ಎಲ್ಬೋ. ನೀರು ಹೊಗೆಗೆ ಸೇರುವ ಜಾಗ ಅದು. ಒಂದು ಕಡೆ ಬೆಂಕಿಯಂಥ ಹೊಗೆ, ಇನ್ನೊಂದು ಕಡೆ ಉಪ್ಪುನೀರು. ತುಕ್ಕು, ಉಪ್ಪು, ಮಸಿ ಮೂರೂ ಸೇರಿ ಅಲ್ಲೇ ಗಟ್ಟಿಯಾಗುತ್ತವೆ. ಹೊರಗಿನಿಂದ ಪೇಂಟ್ ಹೊಡೆದು ಚೆನ್ನಾಗಿಯೇ ಕಾಣುತ್ತಿರುತ್ತದೆ. ನಾಳೆ ಬಿಚ್ಚಿ. ಬೋಲ್ಟ್ ಹಿಡಿದಿದ್ದರೆ ಇವತ್ತು ರಾತ್ರಿಯೇ ಆಯಿಲ್ ಹಾಕಿ ಬಿಡಿ, ಅವಸರದಲ್ಲಿ ತಿರುಗಿಸಿ ಮುರಿಯಬೇಡಿ. ಜಾಯಿಂಟ್ ಗ್ಯಾಸ್ಕೆಟ್ ಹೊಸದೇ ಹಾಕಬೇಕು, ಹಳೆಯದರಲ್ಲಿ ಹೊಗೆ ಸೋರುತ್ತದೆ.

ನೀರಿನ ಹೋಸ್ ಎಲ್ಬೋಗೆ ಹೋಗುವ ಮೊದಲು ಮೇಲೆ ಏರಿ ಇಳಿಯುವ ಕಡೆ ಸಣ್ಣ ವಾಲ್ವ್ ಒಂದು ಇರುತ್ತದೆ. ಜನರೇಟರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಆಫ್ ಮಾಡಿದ ಮೇಲೂ ನೀರು ತಾನಾಗಿ ಎಳೆದುಕೊಂಡು ಬರದ ಹಾಗೆ ತಡೆಯುವುದು ಅದು. ಉಪ್ಪು ಕಟ್ಟಿ ಅಂಟಿಕೊಂಡಿರುತ್ತದೆ. ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಹಾಕಿ.

ಕಾಳಿಹೊಳೆ · ಗುರುವಾರ ಸಂಜೆ 7:40

ಎಲ್ಬೋ ಬಿಚ್ಚಿದೆ. ನೀರು ಬರುವ ತೂತಿಗೆ ನನ್ನ ಹೆಬ್ಬೆರಳು ಹೋಗಬೇಕಿತ್ತು, ಪೆನ್ಸಿಲ್ ಹೋಯಿತು. ಒಳಗೆ ಕಪ್ಪು ಕಲ್ಲಿನಂಥ ಪದರ. ಉಳಿ ಹಿಡಿದು ಮೆಲ್ಲಗೆ ತಟ್ಟಿದರೆ ಪದರ ಪದರವಾಗಿ ಎದ್ದು ಬಂತು. ಅಡಿಯಲ್ಲಿ ಕಬ್ಬಿಣ ಗಟ್ಟಿ ಇದೆ, ಆದರೆ ಒಂದು ಕಡೆ ತೆಳ್ಳಗಾಗಿದೆ. ಹೊಸ ಎಲ್ಬೋ ಆರ್ಡರ್ ಮಾಡಿಸಿದೆ, ಬರುವವರೆಗೆ ಇದನ್ನೇ ವಾಪಸ್ ಹಾಕಿದ್ದೇನೆ. ಮಾಲೀಕರು ಪಂಪಿಗೆ ಎತ್ತಿಟ್ಟ ದುಡ್ಡು ಅದಕ್ಕೂ ಸಾಕಾಯಿತು, ಎರಡು ಇಂಪೆಲ್ಲರ್ ಸ್ಪೇರ್‌ಗೂ ಸಾಕಾಯಿತು. ಆ ಸಣ್ಣ ವಾಲ್ವ್ ನಿಜವಾಗಿಯೂ ಅಂಟಿಕೊಂಡಿತ್ತು. ತೊಳೆದು ಹಾಕಿದೆ.

ಈಗ 10 ಲೀಟರ್‌ಗೆ 29 ಸೆಕೆಂಡ್.

ಎರಡು ಎಸಿ, ಫ್ರಿಜ್, ಒಲೆ ಎಲ್ಲಾ ಹಾಕಿ ಮೂರು ಗಂಟೆ ಓಡಿಸಿದೆ. ಮುಳ್ಳು 82 ಬಿಟ್ಟು ಅಲ್ಲಾಡಲಿಲ್ಲ. ಸಮುದ್ರದ ನೀರು ಒಳಗೆ 29, ಹೊರಗೆ 35. ಎಕ್ಸಾಸ್ಟ್ ಹೋಸ್ 46, ಕೈ ಇಟ್ಟುಕೊಂಡು ಕೂರಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡೂ ಕ್ಯಾಬಿನ್‌ನಲ್ಲಿ ಕೂರಿಸಿ ಬಟನ್ ಒತ್ತಿ ನೋಡಿದೆ, ಕೂಗುತ್ತವೆ.

ಈ ನಂಬರ್‌ಗಳನ್ನೆಲ್ಲ ತಾರೀಕು ಸಮೇತ ಬರೆದು, ಪ್ಲಾಸ್ಟಿಕ್ ಹಾಕಿ ಇಂಜಿನ್ ರೂಮಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಪಕ್ಕದಲ್ಲಿ ಬಿರಡೆ ಒಂದು ದಾರ ಕಟ್ಟಿ ನೇತು ಹಾಕಿದ್ದೇನೆ.

ಮೂರನೇ ಇಂಜಿನಿಯರ್ · ಗುರುವಾರ ಸಂಜೆ 8:15

6 ಡಿಗ್ರಿ ಏರಿಕೆ, 20 ಲೀಟರ್ ಮೇಲೆ ಹರಿವು. ಲೆಕ್ಕ ಕೂಡಿ ಬಂತು. ಹೊಸ ಎಲ್ಬೋ ಬಂದ ಮೇಲೆ ಹೊಗೆ ಸೋರುತ್ತಿದೆಯಾ ಅಂತ ಸೋಪು ನೀರು ಹಚ್ಚಿ ಜಾಯಿಂಟ್ ನೋಡಿ, ಸ್ಟಾರ್ಟ್ ಮಾಡಿದ ಕೂಡಲೇ, ಬಿಸಿಯಾಗುವ ಮೊದಲು.

ಕಾಳಿಹೊಳೆ · ಗುರುವಾರ ಸಂಜೆ 8:22

ಮಾಡುತ್ತೇನೆ ಮೇಡಂ. ಮೆಕ್ಯಾನಿಕ್ ಅಣ್ಣ, ಆ ಮೂರು ತುಂಡು ಬಿಸಾಡಲು ಮನಸ್ಸು ಬರಲಿಲ್ಲ. ನಮ್ಮ ಹುಡುಗನಿಗೆ ಕೊಟ್ಟು ಜೋಡಿಸಲು ಹೇಳಿದ್ದೇನೆ. ಒಂದನ್ನು ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಅವನು ಬಂದು ಕೇಳುವವರೆಗೆ.